ಕಾಲಿನ ಹೆಪ್ಪು ಮತ್ತು ಎದೆಯ ನೋವು: ಒಂದು ಹಳೆಯ ಕೇಸ್‌ಶೀಟ್

ನಾನು ಎಂ.ಡಿ. ಮುಗಿಸಿ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಫಿಜಿಷಿಯನ್ ಆಗಿ ಕೆಲಸ ಆರಂಭಿಸಿದ ಹೊಸತರಲ್ಲಿ, ಅಡಿಕೆ ಮಂಡಿಯಲ್ಲಿ ದಿನವಿಡೀ ಕುಳಿತು ಲೆಕ್ಕ ಬರೆಯುತ್ತಿದ್ದ ಐವತ್ತೆರಡು ವರ್ಷದವರೊಬ್ಬರು ಎಡಗಾಲು ಊದಿದೆಯೆಂದು ಬಂದರು. ಟೇಪು ಹಿಡಿದು ಅಳೆದರೆ ಎಡ ಮೀನಖಂಡ ಬಲಗಡೆಯದಕ್ಕಿಂತ ನಾಲ್ಕು ಸೆಂಟಿಮೀಟರ್ ದಪ್ಪವಿತ್ತು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ತೊಡೆಯ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ, ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಶಸ್ತ್ರಚಿಕಿತ್ಸೆಯಾಗಲಿ, ಮೂಳೆ ಮುರಿತವಾಗಲಿ, ಹಾಸಿಗೆ ಹಿಡಿದ ಕಾಯಿಲೆಯಾಗಲಿ ಹಿಂದೆ ಇರಲಿಲ್ಲ. ಹೆಪ್ಪು ಬೆಳೆಯದಂತೆ ತಡೆಯುವ ಎನಾಕ್ಸಾಪರಿನ್ ಚುಚ್ಚುಮದ್ದಿನಿಂದ ಆರಂಭಿಸಿ, ಆಮೇಲೆ ಮಾತ್ರೆಗೆ ಬದಲಾಯಿಸಿ, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆಯೆಂದು ತೋರಿಸುವ ಐ.ಎನ್.ಆರ್. ಎರಡರಿಂದ ಮೂರರ ನಡುವೆ ಇರುವಂತೆ ನೋಡಿಕೊಂಡು ಮೂರು ತಿಂಗಳಿಗೆ ಚಿಕಿತ್ಸೆ ನಿಲ್ಲಿಸಿದೆ. ಕಾಲು ಇಳಿದಿತ್ತು, ಅವರಿಗೂ ನನಗೂ ಸಮಾಧಾನವಾಗಿತ್ತು.

ಹದಿನಾಲ್ಕು ತಿಂಗಳ ನಂತರ ಒಂದು ಬೆಳಗಿನ ಜಾವ ಅವರನ್ನು ಎದೆನೋವೆಂದು ಕರೆತಂದರು. ಇ.ಸಿ.ಜಿ.ಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ದೊಡ್ಡಾಸ್ಪತ್ರೆಗೆ ಕಳುಹಿಸಿದೆವು, ಬದುಕಿ ಉಳಿದರು. ಅಂದು ಸಂಜೆ ಅವರ ಹಳೆಯ ಕೇಸ್‌ಶೀಟ್ ತೆಗೆಸಿ ನೋಡಿದೆ. ಮೊದಲ ಪುಟದಲ್ಲಿ ನನ್ನದೇ ಕೈಬರಹದಲ್ಲಿ ‘ತೂಕ 92 ಕೆ.ಜಿ.’ ಎಂದಿತ್ತು. ಕೆ.ಜಿ.ಗೆ ಒಂದು ಮಿಲಿಗ್ರಾಂನಂತೆ ಚುಚ್ಚುಮದ್ದಿನ ಪ್ರಮಾಣ ಲೆಕ್ಕ ಹಾಕಲು ಬರೆದುಕೊಂಡಿದ್ದೆನೇ ಹೊರತು, ಐದಡಿ ನಾಲ್ಕಂಗುಲದ ಮನುಷ್ಯನಿಗೆ ಆ ತೂಕ ಏನನ್ನು ಹೇಳುತ್ತದೆಂದು ಯೋಚಿಸಿರಲಿಲ್ಲ. ಅದರ ಕೆಳಗೆ ಸಿಸ್ಟರ್ ಬರೆದಿದ್ದ ಬಿ.ಪಿ. 158/96. ಅದನ್ನು ನೋವಿನಿಂದ ಏರಿದ್ದೆಂದು ಬಿಟ್ಟಿದ್ದೆ. ಊಟವಾದ ಮೇಲಿನ ಶುಗರ್ 214 ಇತ್ತು, ಅದನ್ನು ಮತ್ತೆ ಪರೀಕ್ಷಿಸಲು ಹೇಳಿಯೇ ಇರಲಿಲ್ಲ. ಯಾವುದೂ ಮುಚ್ಚಿಟ್ಟದ್ದಲ್ಲ, ಎಲ್ಲವೂ ಒಂದೇ ಹಾಳೆಯಲ್ಲಿತ್ತು.

ನಮಗೆ ಕಲಿಸಿದ್ದೂ ಹಾಗೆಯೇ ಎನ್ನಬೇಕು, ಕಾಲಿನ ಹೆಪ್ಪು ಬೇರೆ, ಹೃದಯದ್ದು ಬೇರೆ ಎಂದು. ಅಭಿಧಮನಿಯ ಹೆಪ್ಪು ಕೆಂಪು, ನಿಧಾನವಾಗಿ ಹರಿಯುವ ರಕ್ತದಲ್ಲಿ ಫೈಬ್ರಿನ್ ಎಂಬ ಪ್ರೊಟೀನಿನ ಎಳೆಗಳು ಮತ್ತು ಕೆಂಪು ರಕ್ತಕಣಗಳಿಂದಾಗುವಂಥದ್ದು. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯದು ಬಿಳಿ, ಒಡೆದ ಕೊಬ್ಬಿನ ಗಂಟಿನ ಮೇಲೆ ಪ್ಲೇಟ್‌ಲೆಟ್‌ಗಳು ಕೂಡಿಕೊಂಡು ಆಗುವಂಥದ್ದು. ಎರಡಕ್ಕೂ ಬೇರೆ ಪಾಠ, ಬೇರೆ ಔಷಧಿ. ಈ ವಿಭಜನೆ ಸುಳ್ಳಲ್ಲ, ಆದರೆ ರೋಗಿ ಒಬ್ಬನೇ. 2003ರಲ್ಲಿ ಇಟಲಿಯ ಪಡುವಾದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣ ಕಾಣದೆ ಕಾಲಿನಲ್ಲಿ ಹೆಪ್ಪುಗಟ್ಟಿದವರಲ್ಲಿ ನೂರಕ್ಕೆ 47 ಮಂದಿಗೆ ಕುತ್ತಿಗೆಯ ಅಪಧಮನಿಯಲ್ಲಿ ಕೊಬ್ಬಿನ ಗಂಟುಗಳಿದ್ದವು. ಹೆಪ್ಪುಗಟ್ಟದವರಲ್ಲಿ ಆ ಪ್ರಮಾಣ 32 ಆಗಿತ್ತು. 2007ರ ಡೆನ್ಮಾರ್ಕಿನ ಅಧ್ಯಯನವೊಂದು, ಹೀಗೆ ಹೆಪ್ಪುಗಟ್ಟಿದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಮೊದಲ ವರ್ಷದಲ್ಲಿ ಹೆಚ್ಚಾಗಿದ್ದು, ಇಪ್ಪತ್ತು ವರ್ಷಗಳವರೆಗೂ ಸ್ವಲ್ಪಮಟ್ಟಿಗೆ ಉಳಿದಿರುತ್ತದೆಂದು ತೋರಿಸಿತು.

ಹಾಗೆಂದು ಎಲ್ಲ ಅಪಾಯಕಾರಿ ಅಂಶಗಳೂ ಎರಡಕ್ಕೂ ಸಮನಾಗಿ ಅನ್ವಯಿಸುತ್ತವೆ ಎಂದು ಹೇಳಲಾರೆ. ಕೊಲೆಸ್ಟರಾಲ್ ಅಪಧಮನಿಗೆ ಮಾಡುವಷ್ಟು ಕೇಡನ್ನು ಅಭಿಧಮನಿಗೆ ಮಾಡಿದಂತೆ ಕಾಣುವುದಿಲ್ಲ. ಬಿ.ಪಿ. ಮತ್ತು ಶುಗರ್‌ಗೆ ಅಭಿಧಮನಿಯ ಹೆಪ್ಪಿನೊಡನೆ ನಂಟಿದೆಯೆಂದು 2008ರ ವಿಶ್ಲೇಷಣೆಯೊಂದು ಹೇಳಿತ್ತಾದರೂ, ವಯಸ್ಸು ಮತ್ತು ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ 2017ರ ದೊಡ್ಡ ವಿಶ್ಲೇಷಣೆಯಲ್ಲಿ ಆ ನಂಟು ನಿಲ್ಲಲಿಲ್ಲ. ವಯಸ್ಸನ್ನು ಬಿಟ್ಟರೆ ಎರಡೂ ಕಡೆ ಗಟ್ಟಿಯಾಗಿ ನಿಲ್ಲುವುದು ಬೊಜ್ಜು. ಹೊಟ್ಟೆಯ ಕೊಬ್ಬು ಕಾಲಿನಿಂದ ಮೇಲೇರುವ ರಕ್ತಕ್ಕೆ ತಡೆಯೊಡ್ಡುತ್ತದೆ, ಉರಿಯೂತವನ್ನು ಹೆಚ್ಚಿಸುತ್ತದೆ, ಹೆಪ್ಪನ್ನು ಕರಗಿಸುವ ದೇಹದ ಸಹಜ ವ್ಯವಸ್ಥೆಯನ್ನು ತಡೆಯುವ ಪ್ರೊಟೀನನ್ನೂ ಸ್ರವಿಸುತ್ತದೆ. ಅದೇ ಕೊಬ್ಬು ಬಿ.ಪಿ., ಶುಗರ್‌ಗಳನ್ನು ಏರಿಸಿ ಹೃದಯದ ರಕ್ತನಾಳಗಳನ್ನೂ ಕೆಡಿಸುತ್ತದೆ. ಹೀಗಾಗಿ ಕಾರಣವಿಲ್ಲದೆ ಕಾಲೂದಿ ಬಂದ ದಪ್ಪ ಮನುಷ್ಯನನ್ನು ನಾನೀಗ ಕಾಲಿನ ರೋಗಿಯೆಂದು ನೋಡುವುದಿಲ್ಲ.

ಮೀನಖಂಡ ಅಳೆದ ಟೇಪನ್ನೇ ಸೊಂಟಕ್ಕೂ ಸುತ್ತುತ್ತೇನೆ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. “ಕಾಲು ಊದಿದ್ದಕ್ಕೆ ಹೊಟ್ಟೆ ಯಾಕೆ ಅಳೀತೀರಿ ಡಾಕ್ಟ್ರೇ?” ಎಂದು ಕೇಳದವರು ಕಡಿಮೆ. “ಎರಡಕ್ಕೂ ಸಂಬಂಧ ಇದೆ ಯಜಮಾನ್ರೇ, ಕೂತ್ಕೊಳ್ಳಿ” ಎನ್ನುತ್ತೇನೆ. ಎರಡೂ ಪಾದಗಳ ನಾಡಿಯನ್ನು ಮುಟ್ಟಿ ನೋಡುವುದನ್ನು ಮಾತ್ರ ಇನ್ನೊಂದು ತಪ್ಪಿನಿಂದ ಕಲಿತೆ. ಹಲವು ವರ್ಷ ಬೀಡಿ ಸೇದಿದ್ದ ಒಬ್ಬರಿಗೆ ಊತ ಇಳಿಯಲೆಂದು ಬಿಗಿ ಕಾಲುಚೀಲ ಬರೆದುಕೊಟ್ಟಿದ್ದೆ. ವಾರದಲ್ಲೇ ಹೆಬ್ಬೆರಳು ನೀಲಿಗಟ್ಟಿ, ರಾತ್ರಿ ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ನಿದ್ದೆ ಬರುತ್ತದೆನ್ನುತ್ತಾ ಬಂದರು. ಕಣಕಾಲಿನ ಬಿ.ಪಿ.ಯನ್ನು ತೋಳಿನದರಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆಯೆಂದರ್ಥ, ಅವರದು 0.5 ಇತ್ತು. ಚೀಲ ಬಿಚ್ಚಿಸಿದೆ, ಬೆರಳು ಉಳಿಯಿತು.

ಮಾತ್ರೆಯ ವಿಷಯದಲ್ಲಿ ರೋಗಿಗಳೂ ಕೆಲವು ಸಹೋದ್ಯೋಗಿಗಳೂ ಎಡವುವುದನ್ನು ಕಂಡಿದ್ದೇನೆ. ಹೃದಯದ ಮಾತ್ರೆಯನ್ನೂ ಕಾಲಿನ ಹೆಪ್ಪಿನ ಮಾತ್ರೆಯನ್ನೂ ಜನ ‘ರಕ್ತ ತೆಳು ಮಾಡುವ ಮಾತ್ರೆ’ ಎಂದೇ ಕರೆಯುವುದರಿಂದ, ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಇದೆಯಲ್ಲ ಎಂದುಕೊಂಡು ಹೆಪ್ಪಿಗೆಂದು ಕೊಟ್ಟ ಅಪಿಕ್ಸಬಾನ್ ಬಿಡುತ್ತಾರೆ, ಇಲ್ಲವೇ ಎರಡನ್ನೂ ಜೊತೆಯಲ್ಲಿ ನುಂಗಿ ವಸಡಿನಲ್ಲಿ ರಕ್ತ ಸೋರಿಸಿಕೊಂಡು ಬರುತ್ತಾರೆ. ಆದ್ದರಿಂದ ಮೂರನೇ ತಿಂಗಳ ಭೇಟಿಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಅಂದು ಹೆಪ್ಪಿನ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ತೀರ್ಮಾನಿಸಿ, ಬಿ.ಪಿ., ಮೂರು ತಿಂಗಳ ಶುಗರ್ ಸರಾಸರಿ, ಕೊಲೆಸ್ಟರಾಲ್ ನೋಡಿ, ಅದೇ ಕೇಸ್‌ಶೀಟಿನ ಹಿಂಬದಿಯಲ್ಲಿ ಹೊಸ ತೂಕವನ್ನೂ ಸೊಂಟದ ಸುತ್ತಳತೆಯನ್ನೂ ಬರೆಯುತ್ತೇನೆ. ಮಂಡಿಯ ಆ ಯಜಮಾನರ ಹಾಳೆಯಲ್ಲಿ ಕೊನೆಯದಾಗಿ ಬರೆದ ತೂಕ 81.