ಮುದ್ದೆ ಬಿಡದೆ ಪ್ರೋಟೀನ್ ಸರಿ ಮಾಡಿಕೊಂಡಿದ್ದು

ಜಿಮ್‌ಗೆ ಹೋಗುತ್ತಿದ್ದರೂ ತೂಕ 65 ಕೆಜಿಯಲ್ಲೇ ನಿಂತಿತ್ತು. ಮುದ್ದೆ, ಅನ್ನ, ಸಾರು ಹೊಟ್ಟೆ ತುಂಬಾ ಇತ್ತು. ಲೆಕ್ಕ ಹಾಕಿದಾಗ ಪ್ರೋಟೀನ್ ತೀರಾ ಕಡಿಮೆ. ಸ್ನಾಯು ಬೆಳೆಯಲು ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ ಬೇಕು. ನನಗೆ ಅದು 104 ಗ್ರಾಂ.

ಮುದ್ದೆ ಬಿಡಲಿಲ್ಲ. ಭಾರ ಎತ್ತಲು ಶಕ್ತಿ ಕೊಡುವುದೇ ಅದರ ಕಾರ್ಬ್ಸ್, ಅಲ್ವಾ? ಬದಲಿಗೆ ಸಾರಿಗೆ ಹುರುಳಿಕಾಳು, ಹೆಸರುಕಾಳು ಜಾಸ್ತಿ ಹಾಕಿದೆ. ಬೆಳಿಗ್ಗೆ ಮೂರು ಮೊಟ್ಟೆ, ಅಂದರೆ ಸುಮಾರು 18 ಗ್ರಾಂ. ಮಧ್ಯಾಹ್ನದ ಪಲ್ಯಕ್ಕೆ 50 ಗ್ರಾಂ ಒಣ ಸೋಯಾ ಚಂಕ್ಸ್. ಅದೊಂದರಲ್ಲೇ ಸುಮಾರು 25 ಗ್ರಾಂ! ಸಂಜೆ ಪನೀರ್, ರಾತ್ರಿ ಮೊಸರು.

ಕಡಲೆಬೀಜ ಮಾತ್ರ ಅಳೆದು ತಿನ್ನುತ್ತೇನೆ. ಅದರಲ್ಲಿ ಕೊಬ್ಬು ಪ್ರೋಟೀನ್‌ನ ಸುಮಾರು ಎರಡರಷ್ಟು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಸುಮ್ನೆ ಮುಕ್ಕುತ್ತಾ ಕೂತರೆ ಹೊಟ್ಟೆ ಮಾತ್ರ ಬೆಳೆಯುತ್ತದೆ. ಈಗ ತೂಕವೂ ಏರುತ್ತಿದೆ, ಸ್ಕ್ವಾಟ್‌ನಲ್ಲಿ ಎತ್ತುವ ಭಾರವೂ ಏರುತ್ತಿದೆ.