ಮಗುವಿನ ಪಾಲಿನ ಹಣ ಮನೆ ತಲುಪಬೇಕಾದರೆ

ಮಕ್ಕಳಿರುವ ಕುಟುಂಬಗಳಿಗೆ ಅಮೆರಿಕದಲ್ಲಿ ತೆರಿಗೆ ರಿಯಾಯಿತಿಯಿದೆ. 2021ರಲ್ಲಿ ಅದನ್ನು ವಿಸ್ತರಿಸಿ, ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಡಾಲರ್, ಹದಿನೇಳರವರೆಗಿನ ಉಳಿದವರಿಗೆ 3,000 ಡಾಲರ್ ನಿಗದಿಪಡಿಸಿ, ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರಿಗೂ ಪೂರ್ಣ ಮೊತ್ತ ಸಿಗುವಂತೆ ಮಾಡಲಾಯಿತು. ತೆರಿಗೆ ರಿಯಾಯಿತಿ, ಸರ್ಕಾರಿ ನೆರವುಗಳನ್ನೂ ಲೆಕ್ಕಕ್ಕೆ ಹಿಡಿಯುವ ಅಲ್ಲಿನ ಪೂರಕ ಬಡತನ ಮಾನದಂಡದಂತೆ ಆ ವರ್ಷ ಶೇ. 5.2ಕ್ಕೆ ಇಳಿದ ಮಕ್ಕಳ ಬಡತನ, ಈ ವಿಸ್ತರಣೆಯೂ ಕೋವಿಡ್ ಕಾಲದ ಇತರ ನೆರವುಗಳೂ ನಿಂತ ಬಳಿಕ, 2022ರಲ್ಲಿ ಶೇ. 12.4ಕ್ಕೇರಿತು.

ನಮ್ಮ ಹಳೆಯ ತೆರಿಗೆ ಪದ್ಧತಿಯಲ್ಲಿಯೂ ಮಕ್ಕಳ ಬೋಧನಾ ಶುಲ್ಕಕ್ಕೆ ಕಡಿತವುಂಟು. ಆದರೆ ತೀರ್ಥಹಳ್ಳಿಯ ಕಡೆ ಅಡಿಕೆ ಸುಲಿದು ಮನೆ ನಡೆಸುವ ತಾಯಿಗೆ ಅದರಿಂದ ಒಂದು ರೂಪಾಯಿಯೂ ಉಳಿಯದು; ಆಕೆ ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲ. (ಸೋಪು ಕೊಂಡಾಗಲೆಲ್ಲ ಜಿಎಸ್‌ಟಿ ಕಟ್ಟುತ್ತಾಳೆ, ಅದು ಬೇರೆ ಮಾತು.) ಅಂಥ ಮನೆಗೆ ದಾರಿ ನೇರವಾಗಿ ಖಾತೆಗೆ ಬರುವ ಹಣವೇ.

ಗರ್ಭಿಣಿಯಾದ ಕೂಡಲೇ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿ, ಆರೋಗ್ಯ ಕೇಂದ್ರದಿಂದ ತಾಯಿ ಕಾರ್ಡ್ ಪಡೆಯಬೇಕು. ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ದೊರೆಯುತ್ತದೆ. ಹೆರಿಗೆಯ ನಂತರದ ಹಣಕ್ಕೆ ಜನನ ನೋಂದಣಿಯೂ ಮೊದಲ ಸುತ್ತಿನ ಲಸಿಕೆಯೂ ಆಗಿರಬೇಕಾದ್ದರಿಂದ, ಬಾಣಂತನಕ್ಕೆ ತವರಿಗೆ ಹೋಗುವವರು ಕಾರ್ಡನ್ನು ಮರೆಯದೆ ಒಯ್ಯಬೇಕು.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ದಾಖಲಾದವರಿಗೆ ಮಾತ್ರ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆಗಿರಬಾರದು. ಅತ್ತೆಯೇ ಯಜಮಾನಿಯಾಗಿರುವ ಮನೆಯಲ್ಲಿ ಹಣ ಅತ್ತೆಯ ಖಾತೆಗೆ ಬರುವುದರಿಂದ, ಮಕ್ಕಳ ಖರ್ಚಿಗೆ ಎಷ್ಟೆಂದು ಮೊದಲೇ ಮಾತಾಡಿಕೊಳ್ಳುವುದು ಲೇಸು. ಕಂತು ತಡವಾಗುವುದೂ ಉಂಟು. ಅದನ್ನೇ ನಂಬಿ ಸಾಲದ ಗಡುವು ಒಪ್ಪಿಕೊಳ್ಳಬಾರದು.

ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಂಕ್ ಖಾತೆಯನ್ನು. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ನೇರ ನಗದು ವರ್ಗಾವಣೆಗಾಗಿ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿಯೂ ಅದೇ ಖಾತೆ ಜೋಡಣೆಯಾಗಿರಬೇಕು. ಎರಡು ಮೂರು ಖಾತೆಗಳಿದ್ದವರ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆಯಾದ್ದರಿಂದ, ಯಾವ ಖಾತೆ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲಿಯೇ ಕೇಳಿ, ಬೇಡದಿದ್ದರೆ ಲಿಖಿತ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಬಹುದು. ಪಡಿತರ ಚೀಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಇರುವಂತಹ ವ್ಯತ್ಯಾಸವನ್ನೂ ಆಗಲೇ ಸರಿಪಡಿಸಿಕೊಳ್ಳಬೇಕು.

ವಿದ್ಯಾರ್ಥಿವೇತನಕ್ಕೆ ಬೇಕಾಗುವ ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಲು ಏಪ್ರಿಲ್, ಮೇ ತಿಂಗಳೇ ಸರಿ. ಶಾಲೆ ತೆರೆದ ಮೇಲೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಹೋಗಿ, ಒಂದು ಪ್ರಮಾಣಪತ್ರಕ್ಕೆ ಮೂರು ದಿನದ ಕೂಲಿ ಕಳೆಯಬೇಕಾಗುತ್ತದೆ.