ಕೊಡಗಿಗೆ ಹೊಸದಾಗಿ ಬಂದ ಪೋಷಕರಿಗೆ: ಮಳೆ ರಜೆ, ಮಧ್ಯಾಹ್ನವೇ ಬಿಡುವ ಶಾಲೆ

ಬಯಲುಸೀಮೆಯಿಂದ ವರ್ಗವಾಗಿ ಬಂದವರು ಜೂನ್‌ನಲ್ಲಿ ತಪ್ಪದೆ ಕೇಳುತ್ತಾರೆ: ಇಲ್ಲಿ ಮಳೆಗೆಲ್ಲ ಶಾಲೆಗೆ ರಜೆ ಕೊಡುತ್ತಾರಾ? ಕೊಡುತ್ತಾರೆ, ಆದರೆ ಬರೀ ಮಳೆಗಲ್ಲ. ಕೊಡೆ ಹಿಡಿದು, ರೇನ್‌ಕೋಟ್ ತೊಟ್ಟು ಸುರಿಯುವ ಮಳೆಯಲ್ಲೇ ನಮ್ಮ ಮಕ್ಕಳು ಶಾಲೆಗೆ ಹೋಗಿ ಬರುತ್ತಾರೆ. ರಜೆ ಬರುವುದು ದಾರಿಯ ಭರವಸೆ ಹೋದಾಗ. ಹೊಳೆ ರಸ್ತೆಗೆ ಹತ್ತಿದಾಗ, ಗಾಳಿಗೆ ಮರಗಳು ಉರುಳುತ್ತಿರುವಾಗ, ಬರೆ, ಅಂದರೆ ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗುಡ್ಡ, ಕುಸಿಯುವ ಭಯವಿದ್ದಾಗ.

ರಜೆ ಘೋಷಿಸುವುದು ಸಾಮಾನ್ಯವಾಗಿ ಜಿಲ್ಲಾಧಿಕಾರಿ. ಹಿಂದಿನ ದಿನ ಸಂಜೆ ಬರಬಹುದು, ಬೆಳಗ್ಗೆ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡ ಮೇಲೂ ಬರಬಹುದು. ಆದೇಶವನ್ನು ಪೂರ್ತಿ ಓದಿ. ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಒಂದೆರಡು ತಾಲ್ಲೂಕಿಗೆ ಮಾತ್ರ. ಭಾಗಮಂಡಲದಲ್ಲಿ ಆಕಾಶವೇ ಕಳಚಿ ಬೀಳುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಅಂಗನವಾಡಿಗೂ ಇದೆಯೇ, ಪಿಯು ಕಾಲೇಜಿಗೂ ಇದೆಯೇ ಎಂಬುದು ಅದರಲ್ಲೇ ಇರುತ್ತದೆ. ದಿನಾಂಕವನ್ನಂತೂ ನೋಡಲೇಬೇಕು; ಹಳೆಯ ವರ್ಷದ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಓಡಾಡುವುದುಂಟು. ಸಂಶಯವಿದ್ದರೆ ತರಗತಿ ಶಿಕ್ಷಕರನ್ನೇ ಕೇಳಿ.

ಹವಾಮಾನ ಇಲಾಖೆಯ ಬಣ್ಣಗಳನ್ನೂ ತಿಳಿದಿರಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ಕ್ಕೂ ಮೇಲೆ ಹೋದರೆ ವಿಪರೀತ ಮಳೆ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಹೆಚ್ಚುಕಡಿಮೆ ಈ ಲೆಕ್ಕದಲ್ಲೇ ಏರುತ್ತವೆ. ಆದರೆ ಅಲರ್ಟ್ ಜಿಲ್ಲೆಯ ಮಾತು. ನಿಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯನ್ನು ನೀವೇ ನೋಡಬೇಕು. ನಾಪೋಕ್ಲು–ಭಾಗಮಂಡಲ ರಸ್ತೆಗೆ ಕಾವೇರಿ ಬರುತ್ತದೆ. ಸಿದ್ದಾಪುರದ ಕರಡಿಗೋಡಿನಲ್ಲಿ ನೀರು ಮನೆಯೊಳಗೇ ನುಗ್ಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರ ಗ್ರಾಮದಲ್ಲಿ ಬೆಟ್ಟವೇ ಜಾರಿತು. ರಜೆ ಘೋಷಣೆಯಾಗದಿದ್ದರೂ ನಿಮ್ಮ ದಾರಿ ಸರಿಯಿಲ್ಲ ಅನ್ನಿಸಿದರೆ ಮಗುವನ್ನು ಕಳಿಸಬೇಡಿ, ಶಿಕ್ಷಕರಿಗೆ ಒಂದು ಮಾತು ತಿಳಿಸಿ. ಹಾಜರಾತಿ ಹೋದರೆ ಹೋಗಲಿ.

ನನಗೆ ನಿಜವಾದ ಆತಂಕ ಇರುವುದು ರಜೆ ಇಲ್ಲದ ದಿನಗಳ ಬಗ್ಗೆ. ಬೆಳಗ್ಗೆ ಸುಮ್ಮನಿದ್ದ ಮಳೆ ಹನ್ನೊಂದರ ಹೊತ್ತಿಗೆ ಹಿಡಿದುಕೊಳ್ಳುತ್ತದೆ, ಮಧ್ಯಾಹ್ನ ಶಾಲೆ ಬಿಡುತ್ತಾರೆ. ಅಷ್ಟರಲ್ಲಿ ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿರುತ್ತದೆ, ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗುತ್ತದೆ. ಆಗ ಫೋನ್ ಮಾಡಿ ಮಾತಾಡಿಕೊಳ್ಳುತ್ತೇವೆ ಅನ್ನುವುದು ನಡೆಯುವುದಿಲ್ಲ. ಎಲ್ಲವನ್ನೂ ಜೂನ್ ಮೊದಲ ವಾರವೇ ಮಾತಾಡಿ ಮುಗಿಸಿಟ್ಟಿರಬೇಕು.

ಮೊದಲು ಮಾಡಬೇಕಾದದ್ದು, ಶಾಲೆ ಇರುವ ಕಡೆಯಲ್ಲೇ ಒಂದು ಮನೆ ಗೊತ್ತು ಮಾಡಿಕೊಳ್ಳುವುದು. ನಿಮ್ಮ ಮನೆಗೂ ಶಾಲೆಗೂ ನಡುವೆ ತೋಡೋ ಹೊಳೆಯೋ ಇದ್ದರೆ, ಅದನ್ನು ದಾಟದೆ ನಡೆದು ಹೋಗಬಹುದಾದ ಮನೆ ಅದಾಗಿರಬೇಕು. ಸಹಪಾಠಿಯ ಮನೆಯಾದರೆ ಇನ್ನೂ ಒಳ್ಳೆಯದು. ನೀರು ಇಳಿಯುವವರೆಗೆ, ಬೇಕಾದರೆ ರಾತ್ರಿಯೂ, ಮಗು ಅಲ್ಲೇ ಇರಲಿ. ಅಲ್ಲಿ ಒಂದು ಜೊತೆ ಬಟ್ಟೆ ಮೊದಲೇ ಕೊಟ್ಟಿರಿ. ಹೊಸಬರಿಗೆ ಕೇಳಲು ಸಂಕೋಚವಾಗುತ್ತದೆ, ಸಂಕೋಚ ಬೇಡ. ಇಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ನಾಳೆ ಅವರ ಮಗು ನಿಮ್ಮ ಮನೆಯಲ್ಲಿ ಉಳಿಯಬೇಕಾಗಿ ಬಂದೀತು.

ಮಗುವನ್ನು ಕರೆದೊಯ್ಯಬಹುದಾದ ಇಬ್ಬರು ಮೂವರ ಹೆಸರನ್ನು ಶಾಲೆಯಲ್ಲಿ ಬರೆದು ಕೊಡಿ. ಹೆಸರಿಲ್ಲದವರ ಜೊತೆ ಶಿಕ್ಷಕರು ಕಳಿಸದಿದ್ದರೆ ಜಗಳವಾಡಬೇಡಿ, ಅವರು ಮಾಡುತ್ತಿರುವುದೇ ಸರಿ. ವ್ಯಾನ್ ಚಾಲಕರನ್ನು ಕೇಳಿಟ್ಟುಕೊಳ್ಳಿ: ರಸ್ತೆ ಬಂದ್ ಆದರೆ ಎಲ್ಲಿಂದ ವಾಪಸ್ ತಿರುಗುತ್ತೀರಿ, ಮಕ್ಕಳನ್ನು ಎಲ್ಲಿ ಇಳಿಸುತ್ತೀರಿ? ಬಸ್ ಸ್ಟಾಪಿನಿಂದ ತೋಟದ ದಾರಿಯಲ್ಲಿ ಮಗು ಒಂಟಿಯಾಗಿ ನಡೆಯುವುದು ಬೇಡ. ಸಿದ್ದಾಪುರ, ತಿತಿಮತಿ ಕಡೆ ಆನೆಯ ಭಯವೂ ಇದೆ, ಮೋಡ ಕವಿದ ದಿನ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ನಿಮ್ಮಲ್ಲಿ ಜೀಪಿದ್ದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆಯ) ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಬರುವಂತೆ ಅವರ ಅಪ್ಪ ಅಮ್ಮನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅವರಿಗೆ ಕೆಲಸದ ನಡುವೆ ಬಿಟ್ಟು ಬರುವುದು ಸುಲಭವಲ್ಲ.

ಕರೆತರಲು ಹೊರಟಾಗ ಅವಸರ ಬೇಡ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ದಾಟಬೇಡಿ. ಕೆಳಗೆ ಅಂಚು ಕೊಚ್ಚಿಹೋಗಿದ್ದರೆ ಗೊತ್ತೇ ಆಗುವುದಿಲ್ಲ. ಬರೆಯಿಂದ ತಿಳಿಯಾಗಿ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗೆ ಬರತೊಡಗಿದರೆ, ಮೇಲೆ ಬಿರುಕು ಕಂಡರೆ, ನೆಟ್ಟಗಿದ್ದ ಮರ ರಸ್ತೆಯ ಕಡೆ ವಾಲಿದ್ದರೆ ಅಲ್ಲಿಂದಲೇ ಹಿಂದಿರುಗಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ. ಮಗು ಶಾಲೆಯಲ್ಲೋ ನೀವು ಗೊತ್ತು ಮಾಡಿಟ್ಟ ಮನೆಯಲ್ಲೋ ಕ್ಷೇಮವಾಗಿರುತ್ತದೆ.

ರಜೆಯಲ್ಲಿ ತಪ್ಪಿದ ಪಾಠಗಳನ್ನು ಮುಂದೆ ಶನಿವಾರ ಮಧ್ಯಾಹ್ನವೋ ಬೇರೆ ರಜಾದಿನಗಳಲ್ಲೋ ಸರಿದೂಗಿಸುತ್ತಾರೆ. ದಸರಾಕ್ಕೆ ಊರಿಗೆ ಹೋಗುವ ಟಿಕೆಟ್ ಮಾಡಿಸುವ ಮುನ್ನ ಶಾಲೆಯಲ್ಲಿ ಒಮ್ಮೆ ವಿಚಾರಿಸಿ.